ನಮಗಿದ್ದ ಒಬ್ಬರೇ ಕೇಳುಗರು

ಸುಳ್ಳು ಕೇಳುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಹೀಗೆಂದರೆ ಜನ ನಗುತ್ತಾರೆ. ಮದುವೆಯಾದ ಹೆಂಗಸರೆಲ್ಲ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ನಿನಗೆ ಸರ್ಕಾರ ದುಡ್ಡು ಕೊಡುತ್ತದಲ್ಲೇ ಎಂದು ನನ್ನ ಅತ್ತಿಗೆ ಒಮ್ಮೆ ಅಂದಿದ್ದಳು. ನಾನೂ ನಕ್ಕಿದ್ದೆ. ಆಗಿನ್ನೂ ನಗು ಬರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಗಂಡನನ್ನು ಬ್ಯಾಂಕಿನವರು ಧಾರವಾಡದಿಂದ ಗೋವಾಕ್ಕೆ ವರ್ಗ ಮಾಡಿದಾಗ ನಾನು ಹಿಂದಿ ಎಂ.ಎ. ಸರ್ಟಿಫಿಕೇಟನ್ನು ಟ್ರಂಕಿನ ತಳಕ್ಕೆ ಹಾಕಿಕೊಂಡು ಅವರ ಹಿಂದೆ ಬಂದೆ. ಪಣಜಿಯ ಒಂದು ಸರ್ಕಾರಿ ಕಚೇರಿಯಲ್ಲಿ ಹಿಂದಿ ಚೆನ್ನಾಗಿ ಬಲ್ಲವರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು. ಹೋದೆ. ಪರೀಕ್ಷೆಯೆಂದರೆ ಒಂದು ಹೆಡ್‌ಫೋನ್ ಕೊಟ್ಟು ಕೂರಿಸಿದ್ದು. ಗರಗರ ಸದ್ದಿನ ನಡುವೆ ಒಬ್ಬ ಮನುಷ್ಯ ಬಹಳ ಮುದ್ದಾದ ಹಿಂದಿಯಲ್ಲಿ ನಮ್ಮ ದೇಶ ಮುಳುಗುತ್ತಿದೆ ಎಂದು ಹೇಳುತ್ತಿದ್ದ. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಟ್ಟೆ. ಮರುದಿನದಿಂದ ಬನ್ನಿ ಅಂದರು.

ಗಡಿಯಾಚೆಯ ಒಂದು ದೇಶದ ಸರ್ಕಾರಿ ರೇಡಿಯೋ ನಮ್ಮ ಜನರಿಗೆಂದೇ ದಿನಾ ಸಂಜೆ ಹಿಂದಿಯಲ್ಲಿ ಮಾತನಾಡುತ್ತಿತ್ತು. ಭಾನುವಾರ ಬೆಳಿಗ್ಗೆ ಕೇಳುಗರ ಪತ್ರಗಳನ್ನು ಓದುತ್ತಿತ್ತು. ಅದನ್ನು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಅದಕ್ಕೆ ಉತ್ತರ ತಯಾರಿಸಿ ನಮ್ಮ ಕಡೆಯಿಂದ ಬಿತ್ತರಿಸುವುದು ಕಚೇರಿಯ ಕೆಲಸ. ಉದ್ದನೆಯ ಹಾಳೆಗೆ ಮೂರು ಕಾಲಂ. ಮೊದಲನೆಯದು ‘ಅವರು ಹೇಳಿದ್ದು’, ಎರಡನೆಯದು ‘ವಾಸ್ತವ’, ಮೂರನೆಯದು ‘ನಮ್ಮ ಉತ್ತರ’. ಮೊದಲನೆಯದನ್ನು ನಾನು ತುಂಬುತ್ತಿದ್ದೆ. ಎರಡನೆಯದು ಖಾಲಿಯಿದ್ದ ಹಾಳೆ ಸಾಹೇಬರ ಟೇಬಲ್ಲಿಗೆ ಹೋಗಿ, ತುಂಬಿಕೊಂಡು ಬರುತ್ತಿತ್ತು. ನನ್ನ ಹಿಂದಿ ಚೆನ್ನಾಗಿದ್ದುದರಿಂದ ಮೂರನೆಯದೂ ನಿಧಾನಕ್ಕೆ ನನ್ನ ಪಾಲಿಗೇ ಬಂತು.

ಸೇರಿದ ಹೊಸತರಲ್ಲಿ ಸಾಹೇಬರನ್ನು ಕೇಳಿದ್ದೆ, ಈ ನಡುವಿನ ಕಾಲಂ ಎಲ್ಲಿಂದ ಬರುತ್ತದೆ ಅಂತ. ಅವರು ಮರಾಠಿ ಮನುಷ್ಯ, ಶಾಂತ ಸ್ವಭಾವ, ಯಾರ ಮೇಲೂ ದನಿ ಏರಿಸಿದವರಲ್ಲ. ಸಂಬಂಧಪಟ್ಟ ಇಲಾಖೆಗೆ ಫೋನ್ ಮಾಡುತ್ತೇನೆ, ಅವರು ಏನು ಹೇಳುತ್ತಾರೋ ಅದನ್ನು ಬರೆಯುತ್ತೇನೆ ಅಂದರು. ಯಾರಾದರೂ ಹೋಗಿ ನೋಡಿ ಬರುತ್ತಾರೇನೋ ಎಂದು ನಾನು ತಿಳಿದಿದ್ದೆ. ಪೆದ್ದಿ.

ಆ ಹೊತ್ತಿಗೆ ಮನೆಮನೆಗೂ ಟಿ.ವಿ. ಬಂದಿತ್ತು, ಟಿ.ವಿ.ಯೊಳಗೆ ನೂರೆಂಟು ಚಾನೆಲ್ಲು. ಆ ರೇಡಿಯೋವನ್ನು ಯಾರು ಕೇಳುತ್ತಿದ್ದರು? ಅದಕ್ಕೆ ನಾವು ಕೊಡುವ ಉತ್ತರವನ್ನಂತೂ ಯಾರು ಕೇಳುತ್ತಿದ್ದರು? ಅವರು ಹೇಳುವುದನ್ನು ಸಂಬಳ ಪಡೆದು ನಾನು ಕೇಳುತ್ತಿದ್ದೆ. ನಾವು ಹೇಳುವುದನ್ನು ಅಲ್ಲಿ ನನ್ನಂಥವಳೇ ಒಬ್ಬಳು ಸಂಬಳ ಪಡೆದು ಕೇಳುತ್ತಿದ್ದಿರಬೇಕು. ಮಳೆಗಾಲದಲ್ಲಿ ಮಿಂಚು ಹೊಡೆದಾಗ ಹೆಡ್‌ಫೋನಿನಲ್ಲಿ ಹಂಚು ಒಡೆದಂಥ ಸದ್ದಾಗುತ್ತಿತ್ತು. ಆಗ ಹಾಳೆಯಲ್ಲಿ ‘ಅಸ್ಪಷ್ಟ’ ಎಂದು ಬರೆದು ಮುಂದಕ್ಕೆ ಹೋಗಬಹುದಿತ್ತು. ನಾನು ಹಾಗೆ ಬರೆದದ್ದು ಬಹಳ ಕಡಿಮೆ. ನನಗೆ ನನ್ನ ಕಿವಿಯ ಬಗ್ಗೆ ಜಂಬವಿತ್ತು.

ನಮ್ಮ ಕಚೇರಿಗೂ ಕೇಳುಗರ ಪತ್ರ ಬರುತ್ತಿದ್ದವು, ವಾರಕ್ಕೆ ನಾಲ್ಕೋ ಐದೋ. ಅವುಗಳಲ್ಲಿ ಕನ್ನಡದ್ದಿದ್ದರೆ ಟಪಾಲಿನ ಗುಮಾಸ್ತ ನೇರ ನನ್ನ ಟೇಬಲ್ಲಿಗೆ ತಂದು ಹಾಕುತ್ತಿದ್ದ. ಕಟ್ಟಡದಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಕನ್ನಡದ ಪತ್ರಗಳೆಲ್ಲ ಒಂದೇ ಕೈಯಿಂದ ಬರುತ್ತಿದ್ದವು. ದಾಬೋಲಿಮ್‌ನ ವಿಮಾನ ನಿಲ್ದಾಣದ ರಸ್ತೆ ಪಕ್ಕದ ಗುಡ್ಡದಿಂದ, ಪೋಸ್ಟ್‌ಕಾರ್ಡಿನಲ್ಲಿ, ಗೋಡೆಗೆ ಮೊಳೆ ಹೊಡೆದಷ್ಟು ಒತ್ತಿ ಬರೆದ ದಪ್ಪ ಅಕ್ಷರ. ಕೆಳಗೆ ನೇರಳೆ ಶಾಯಿಯಲ್ಲಿ ‘ಶ್ರೋತೃ ಸಂಘ’ ಎಂಬ ರಬ್ಬರ್ ಸ್ಟ್ಯಾಂಪು. ಮೊದಲ ಕಾರ್ಡಿನಲ್ಲಿ ವಾರಕ್ಕೊಂದು ಕನ್ನಡ ಹಾಡು ಹಾಕಿ ಎಂದಿತ್ತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ಹಾಡು ಬಿಟ್ಟು ನೀರಿನ ನಳದ ಮಾತು: ನಮ್ಮ ಗುಡ್ಡಕ್ಕೆ ನಳ ಕೊಡುತ್ತೇವೆಂದು ಮಾತು ಕೊಟ್ಟವರು ಕೊಟ್ಟಿಲ್ಲ, ದಯವಿಟ್ಟು ರೇಡಿಯೋದಲ್ಲಿ ಹೇಳಿ.

ಕಚೇರಿಯಲ್ಲಿ ಒಂದು ನಿಯಮವಿತ್ತು. ಹೊಗಳಿಕೆಯ ಪತ್ರ ಮತ್ತು ಹಾಡು ಕೇಳುವ ಪತ್ರ ಮೇಲಕ್ಕೆ ಹೋಗಬೇಕು. ದೂರಿನ ಪತ್ರ ಫೈಲಿಗೆ ಹೋಗಬೇಕು. ದೂರುಗಳನ್ನು ನಾವೇ ಓದಿದರೆ ಗಡಿಯಾಚೆಯವರ ಕೈಗೆ ಕೋಲು ಕೊಟ್ಟಂತೆ ಎಂಬುದು ಅದರ ಹಿಂದಿನ ಬುದ್ಧಿ. ನಾನು ನಳದ ಕಾರ್ಡಿಗೆ ಗುಂಡುಪಿನ್ನು ಚುಚ್ಚಿ ಫೈಲಿಗೆ ಹಾಕಿದೆ. ಅದಾದ ಮೇಲೆ ಬಂದ ಐದಾರು ಕಾರ್ಡುಗಳಿಗೂ ಪಿನ್ನು ಚುಚ್ಚಿದೆ.

ಒಂದು ದಿನ ಗೇಟಿನವನು ಬಂದು, ನಿಮ್ಮ ಕಡೆಯವರು ಯಾರೋ ಬಂದಿದ್ದಾರೆ ಅಂದ. ಇಳಿದು ಹೋದೆ. ಐವತ್ತು ದಾಟಿದ ಮನುಷ್ಯ, ತಲೆಗೆ ಟವೆಲ್ಲು, ಒಗೆದ ಶರ್ಟು, ಉಗುರಿನ ಸಂದಿನಲ್ಲಿ ಮಾತ್ರ ಹೋಗದ ಸಿಮೆಂಟು. ಕೈಯಲ್ಲಿ ಬಟ್ಟೆಯ ಗಂಟು.

“ನಾ ದಾಬೋಲಿಮ್‌ದಿಂದ ಬಂದೇನ್ರಿ ಅಕ್ಕಾರ. ಪತ್ರ ಬರಿಯಾಂವ.”

“ಅಯ್ಯ, ನೀವೇನ್ರಿ ಕಾಕಾ! ನಿಮ್ಮ ಅಕ್ಷರ ನನಗ ಬಾಯಿಪಾಠ ಆಗ್ಯಾವ.”

“ಮತ್ತ ಒಂದರ ಓದಬೇಕಿಲ್ರಿ?” ಅಂದರು. ಸಿಟ್ಟಿನಿಂದಲ್ಲ, ಸುಮ್ಮನೆ ತಿಳಿದುಕೊಳ್ಳಲು.

ಗಂಟಿನಲ್ಲಿ ಅವರ ಹೆಂಡತಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇತ್ತು. ವಿಜಾಪುರದ ಕಡೆಯ ಊರು. ಗೋವಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಸ್ಲ್ಯಾಬ್ ಹಾಕುವ ಮೊದಲು ಹಲಗೆ ಬಡಿಯುವ ಸೆಂಟ್ರಿಂಗ್ ಕೆಲಸ. ಗುಡ್ಡದ ಮೇಲೆ ತಾವೇ ಕಟ್ಟಿಕೊಂಡ ಮನೆ. ಸಂಘವೆಂದರೆ ಕೆಲಸ ಮುಗಿಸಿ ಬಂದ ಹನ್ನೊಂದು ಜನ ಅವರ ರೇಡಿಯೋದ ಸುತ್ತ ಕೂಡುವುದು, ಅಷ್ಟೇ. ಸ್ಟ್ಯಾಂಪು ಮಾತ್ರ ವಾಸ್ಕೋದಲ್ಲಿ ಮಾಡಿಸಿದ್ದು. ಸ್ಟ್ಯಾಂಪಿಲ್ಲದಿದ್ದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರಂತೆ.

“ಆ ಪರದೇಶದವ್ರು ನೋಡ್ರಿ ಅಕ್ಕಾರ, ಪತ್ರ ಮುಟ್ಟತಂದ್ರ ಸಾಕು, ಐತವಾರ ಮುಂಜಾನಿ ನನ್ನ ಹೆಸರು ಹೇಳ್ತಾರ. ನನ್ನ ಹೆಸರು, ನಮ್ಮ ಗುಡ್ಡದ ಹೆಸರು, ಹನ್ನೊಂದು ಮಂದಿ ಹೆಸರು, ಒಂದೂ ಬಿಡಂಗಿಲ್ಲ. ಕ್ಯಾಲೆಂಡರ್ ಕಳಸ್ಯಾರ. ಬಾಜು ಮನಿಯಾಂವ ಹಿಂದಿ ಬರಿತಾನ, ಅವನ ಕಡಿಂದ ಬರಸ್ತೀನಿ. ನಿಮಗ ನಾನ ಬರಿತೀನಿ, ನಿಮ್ಮದು ನಮ್ಮದಲ್ಲೇನ್ರಿ.”

“ಅವರು ಹೇಳೂದೆಲ್ಲಾ ಸುಳ್ಳು ಕಾಕಾ. ಅವರಿಗೆ ಬರಿಬ್ಯಾಡ್ರಿ.”

“ಸುಳ್ಳಂತ ಗೊತ್ತೈತ್ರಿ. ನಮ್ಮ ದೇಶದಾಗ ಅನ್ನ ಇಲ್ಲ ಅಂತಾರ, ನಾವು ರೊಟ್ಟಿ ಮುರಕೋತ ಕೇಳ್ತೀವಿ, ನಗ್ತೀವಿ. ಆದ್ರ ನನ್ನ ಹೆಸರು ಸುಳ್ಳಲ್ಲಲ್ರಿ.”

ಗಡಿಯಾಚೆಯ ಆ ಜಾಣರು ಕಂಡುಕೊಂಡಿದ್ದೂ ಇಷ್ಟನ್ನೇ: ದೊಡ್ಡ ಸುಳ್ಳನ್ನು ಯಾರೂ ನಂಬುವುದಿಲ್ಲ, ಆದರೆ ಅದರ ಮುಂದೆ ಒಬ್ಬ ಮನುಷ್ಯನ ಹೆಸರು ಹಿಡಿದು ಕರೆದರೆ ಅವನು ತಿರುಗಿ ನೋಡುತ್ತಾನೆ. ನಮ್ಮ ಕಚೇರಿಗೆ ಇದು ಕೊನೆಯವರೆಗೂ ತಿಳಿಯಲಿಲ್ಲ.

ಆಮೇಲೆ ಕಾಕಾ ಹೇಳಿದ ಇನ್ನೊಂದು ಮಾತಿಗೆ ನಾನು ಗೇಟಿನ ಬಳಿಯೇ ಕುಣಿಯುವುದೊಂದು ಬಾಕಿ. ಸಂಘದವರು ಗಡಿಯಾಚೆಯವರದ್ದು ಕೇಳಿ ಮುಗಿಸಿದ ಮೇಲೆ ಮುಳ್ಳು ತಿರುಗಿಸಿ ನಮ್ಮ ಉತ್ತರವನ್ನೂ ಕೇಳುತ್ತಿದ್ದರಂತೆ. “ಇಬ್ಬರದೂ ಕೇಳಬೇಕಲ್ರಿ, ಪಂಚಾಯ್ತಿ ಅಂದ್ರ ಹಂಗ.” ಕೇಳಿಯಾದ ಮೇಲೆ ಹನ್ನೊಂದು ಜನರೂ ಒಬ್ಬೊಬ್ಬರಾಗಿ ಇವತ್ತು ಖರೇ ಹೇಳಿದವರು ಯಾರು ಅಂತ ಹೇಳಬೇಕು. ಹೆಚ್ಚು ಜನ ಯಾರ ಕಡೆಗೋ ಅವರು ಆ ದಿನ ಗೆದ್ದಂತೆ. “ಭಾಳ ಸಲ ನೀವ ಗೆಲ್ತೀರಿ” ಎಂದು ನನಗೆ ಸಮಾಧಾನ ಹೇಳಿದರು.

ಮನೆಗೆ ಹೋಗಿ ಗಂಡನಿಗೆ ಹೇಳಿದೆ, ನಮಗೊಬ್ಬರು ಕೇಳುಗರಿದ್ದಾರೆ ಅಂತ. ಆ ಕಚೇರಿಯಲ್ಲಿ ಕಳೆದ ವರ್ಷಗಳಲ್ಲೆಲ್ಲ ನಮ್ಮ ಉತ್ತರವನ್ನು ಕಿವಿಗೊಟ್ಟು ಕೇಳುವ ಮನುಷ್ಯ ಎಂದು ನಾನು ಕಣ್ಣಾರೆ ಕಂಡದ್ದು ಅವರನ್ನೊಬ್ಬರನ್ನೇ. ಅಂದಿನಿಂದ ಮೂರನೆಯ ಕಾಲಂ ಬರೆಯುವಾಗ ಆ ಗುಡ್ಡದ ಹನ್ನೊಂದು ಜನ ನನ್ನ ಎದುರಿಗೆ ಕೂತಿರುತ್ತಿದ್ದರು. ವಾಕ್ಯಗಳು ಚಿಕ್ಕವಾದವು, ನೇರವಾದವು. ನಿಮ್ಮ ಬರವಣಿಗೆಯಲ್ಲಿ ಈಗ ಜೀವ ಬಂದಿದೆ ಎಂದು ಸಾಹೇಬರು ಮೆಚ್ಚಿದರು.

ಎರಡು ವರ್ಷ ಹೀಗೇ ಹೋಯಿತು. ಆಮೇಲೊಂದು ಬೇಸಿಗೆಯಲ್ಲಿ ಬಂದ ಕಾರ್ಡಿನಲ್ಲಿ ಹಾಡೂ ಇಲ್ಲ, ನಳವೂ ಇಲ್ಲ. ರಸ್ತೆ ಅಗಲ ಮಾಡುವುದಕ್ಕೆ ಗುಡ್ಡದ ಹದಿನೆಂಟು ಮನೆ ತೆಗೆಯುತ್ತಾರಂತೆ, ನೋಟಿಸು ಹಚ್ಚಿದ್ದಾರೆ, ಬಹಳ ಕಾಲದಿಂದ ಇದ್ದವರಿಗೆ ಬೇರೆ ಕಡೆ ಜಾಗ ಕೊಡುತ್ತಾರಂತೆ, ಆದರೆ ಹೆಸರು ಬರೆದುಕೊಳ್ಳುವವರು ಇನ್ನೂ ಬಂದಿಲ್ಲ, ಬರೆದುಕೊಳ್ಳುವುದಕ್ಕೆ ಮೊದಲೇ ಕೆಡವಿದರೆ ನಾವು ಅಲ್ಲಿದ್ದೆವು ಎಂಬುದಕ್ಕೆ ಸಾಕ್ಷಿ ಏನು, ರೇಡಿಯೋದಲ್ಲಿ ಹೇಳಿ. ಒಂದು ವಾರದ ಮೇಲೆ ಇನ್ನೊಂದು ಕಾರ್ಡು, ಅದೇ ಮಾತು. ಒತ್ತಿ ಬರೆದ ರಭಸಕ್ಕೆ ಒಂದು ಕಡೆ ಕಾರ್ಡು ಹರಿದಿತ್ತು.

ಪಿನ್ನು ಚುಚ್ಚಿದೆ.

ಈ ಒಂದು ಮಾತನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಹೆಸರು ಬರೆದುಕೊಳ್ಳಬೇಕಾದ ಕಚೇರಿಗೆ ನಾನು ಒಂದು ದಿನ ರಜೆ ಹಾಕಿ ಹೋಗಿ ಬರಬಹುದಿತ್ತು. ಆ ಎರಡು ಕಾರ್ಡನ್ನು ಸೀರೆಯ ಸೆರಗಿನಲ್ಲಿಟ್ಟುಕೊಂಡು ಹೋಗಿ, ಇಲ್ಲೊಬ್ಬರು ಹೀಗೆ ಬರೆದಿದ್ದಾರೆ, ನೋಡಿ ಅನ್ನಬಹುದಿತ್ತು. ಹೋಗಲಿಲ್ಲ. ದೂರಿನ ಪತ್ರ ಫೈಲಿಗೆ ಎಂಬುದು ನನ್ನ ಕೈಗೆ ಅಷ್ಟು ರೂಢಿಯಾಗಿಬಿಟ್ಟಿತ್ತು.

ಮಳೆ ಇನ್ನೇನು ಹಿಡಿಯಬೇಕು ಅನ್ನುವಾಗ ಹದಿನೆಂಟೂ ಮನೆ ಕೆಡವಿದರು. ನನಗೆ ಅದು ಗೊತ್ತಾದದ್ದು ಪತ್ರಿಕೆಯಿಂದಲ್ಲ. ಒಂದು ಭಾನುವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಪತ್ರ ಓದುವ ಆ ಮುದ್ದು ದನಿ, ಗೋವಾದ ನಮ್ಮ ಹಳೆಯ ಗೆಳೆಯ ಎಂದು ಶುರುಮಾಡಿ ಕಾಕಾರ ಹೆಸರು ಹೇಳಿತು. ಗುಡ್ಡದ ಹೆಸರು ಹೇಳಿತು. ನನ್ನ ಪೆನ್ನು ನಿಂತಿತು.

“ನನ್ನ ಮನೆಯನ್ನು ಕೆಡವಿದರು. ನಾನೇ ಕಟ್ಟಿದ ಮನೆ. ಬಾಗಿಲಿನ ಚೌಕಟ್ಟನ್ನು ಮಾತ್ರ ಬಿಚ್ಚಿ ಎತ್ತಿಟ್ಟುಕೊಂಡಿದ್ದೇನೆ. ನಮ್ಮ ಹೆಸರನ್ನು ಯಾರೂ ಬರೆದುಕೊಂಡಿಲ್ಲ.” ಹಿಂದಿ ಬಾಜು ಮನೆಯವನದ್ದಾದರೂ ಮಾತು ಕಾಕಾರದ್ದೇ. ಅಲ್ಲಿಂದ ಮುಂದೆ ದನಿ ಬದಲಾಗಲಿಲ್ಲ, ಉಸಿರು ಕೂಡ ಬದಲಾಗಲಿಲ್ಲ, ಆದರೆ ಪತ್ರ ಬೇರೆಯಾಯಿತು. ಸಾವಿರಾರು ಮನೆಗಳ ಮೇಲೆ ಸೈನ್ಯ ಬಂತಂತೆ. ಒಂದು ಭಾಷೆಯ ಜನರನ್ನೇ ಹುಡುಕಿ ಓಡಿಸುತ್ತಿದ್ದಾರಂತೆ. ಹೆಂಗಸರು ಮಕ್ಕಳು ಕಾಡು ಸೇರಿದ್ದಾರಂತೆ. ನಾಲ್ಕು ಸಾಲು ನಿಜಕ್ಕೆ ನಲವತ್ತು ಸಾಲು ಸುಳ್ಳು ಹೊಲಿದಿದ್ದರು. ಹೊಲಿಗೆ ಎಲ್ಲಿ ಬಿತ್ತು ಎಂಬುದು ಜಗತ್ತಿನಲ್ಲಿ ನನಗೊಬ್ಬಳಿಗೇ ಕಾಣುತ್ತಿತ್ತು.

ಅಂದು ಮಿಂಚಿತ್ತು. ‘ಅಸ್ಪಷ್ಟ’ ಎಂದು ಬರೆದು ಎದ್ದುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಸುಳ್ಳು ಗಾಳಿಯಲ್ಲಿ ಬಂದಂತೆ ಗಾಳಿಯಲ್ಲಿ ಹೋಗುತ್ತಿತ್ತು. ನಾನು ಒಂದಕ್ಷರ ಬಿಡದೆ ಬರೆದೆ. ಜಂಬವೊಂದೇ ಕಾರಣವಲ್ಲ, ಆಸೆಯೂ ಇತ್ತು. ಈ ಹಾಳೆ ಮೇಲಕ್ಕೆ ಹೋದರೆ ಯಾರಾದರೂ ದೊಡ್ಡವರು ಓದುತ್ತಾರೆ, ಆ ಹದಿನೆಂಟು ಮನೆಯ ಗತಿ ಏನಾಯಿತೆಂದು ವಿಚಾರಿಸುತ್ತಾರೆ ಅಂದುಕೊಂಡೆ. ಪತ್ರ ಮೇಲಕ್ಕೆ ಕಳಿಸದ ನಾನು, ಶತ್ರುವಿನ ಬಾಯಿಂದ ಬಂದ ಮೇಲಾದರೂ ಅದು ಮೇಲಕ್ಕೆ ಹೋಗಲಿ ಅಂದುಕೊಂಡೆ. ನನ್ನದಲ್ಲದ ನಡುವಿನ ಕಾಲಂನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದೆ: ‘ಹದಿನೆಂಟು ಮನೆ ಬಿದ್ದದ್ದು ನಿಜ, ಉಳಿದದ್ದೆಲ್ಲ ಸುಳ್ಳು.’

ಸೋಮವಾರ ಸಾಹೇಬರು ಕರೆದರು. ಹಾಳೆ ಅವರ ಮುಂದಿತ್ತು. ಇಲಾಖೆಗೆ ಫೋನ್ ಮಾಡಿಯಾಗಿತ್ತು. ಆ ಜಾಗದಲ್ಲಿ ಯಾವ ಮನೆಯೂ ಇಲ್ಲ, ಯಾರೂ ವಾಸವಾಗಿಲ್ಲ ಎಂದು ಅವರು ಹೇಳಿದ್ದರು. ಸೋಮವಾರದ ಮಟ್ಟಿಗೆ ಅದು ಅಪ್ಪಟ ನಿಜ. ಕೆಡವಿದ ಮೇಲೆ ಮನೆ ಎಲ್ಲಿರುತ್ತದೆ?

ಆ ಮನುಷ್ಯ ಇದ್ದಾರೆ ಸರ್, ಅಂದೆ.

ನಿಮಗೆ ಹೇಗೆ ಗೊತ್ತು, ಎಂದು ಅವರು ಮೆಲ್ಲಗೆ ಕೇಳಿದರು.

ಶತ್ರು ರೇಡಿಯೋಕ್ಕೆ ಪತ್ರ ಬರೆಯುವವರ ಪರಿಚಯ ನನಗಿದೆ, ಅವರ ಮನೆಯ ರೊಟ್ಟಿ ತಿಂದಿದ್ದೇನೆ ಎಂದು ಆ ಕೋಣೆಯಲ್ಲಿ ಹೇಳುವುದು ಹೇಗೆ? ನನ್ನದು ಆರಾರು ತಿಂಗಳಿಗೆ ಮುಂದುವರಿಸುವ ಕರಾರಿನ ಕೆಲಸ. ಪತ್ರಗಳು ಬರುತ್ತಿದ್ದವು ಸರ್, ಫೈಲಿನಲ್ಲಿವೆ, ಎಂದಷ್ಟೇ ಅಂದೆ. ಅವರು ಆ ಫೈಲನ್ನು ಕಳಿಸಿಕೊಡಿ ಅಂದರು. ಆಮೇಲೆ ನನ್ನ ಪೆನ್ಸಿಲಿನ ಸಾಲನ್ನು ರಬ್ಬರಿನಿಂದ, ಹಾಳೆ ಮಾಸದಂತೆ, ಒರೆಸಿದರು.

ಸಾಹೇಬರು ಕೆಟ್ಟವರಲ್ಲ, ನನಗೆ ತಿಳಿಸಿ ಹೇಳಿದರು. ಅವರು ಸಾವಿರಾರು ಎಂದಿದ್ದಾರೆ ಮೇಡಮ್, ನಾವು ಹದಿನೆಂಟು ಎಂದರೆ ಏನಾಗುತ್ತದೆ? ಬಿದ್ದದ್ದಂತೂ ನಿಜ ಎಂದು ನಾವೇ ಒಪ್ಪಿದಂತಾಗುತ್ತದೆ. ಹದಿನೆಂಟನ್ನು ಒಪ್ಪಿದವರು ಸಾವಿರವನ್ನು ಮುಚ್ಚಿಡುತ್ತಿದ್ದಾರೆ ಅನ್ನುತ್ತಾರೆ. ಇಲ್ಲ ಅನ್ನುವುದೇ ಒಳ್ಳೆಯದು. ಇಲ್ಲ ಎಂಬುದಕ್ಕೆ ಲೆಕ್ಕ ಬೇಕಾಗುವುದಿಲ್ಲ.

ಮೂರನೆಯ ಕಾಲಂ ನನ್ನದು. ಬರೆದೆ. ಆ ಹೆಸರಿನ ವ್ಯಕ್ತಿ ಅಲ್ಲಿಲ್ಲ, ಎಂದೂ ಇರಲಿಲ್ಲ ಎಂದು ಬರೆದೆ. ಕಲ್ಪಿತ ಮನುಷ್ಯ, ಕಲ್ಪಿತ ಮನೆ, ಕಲ್ಪಿತ ಕಣ್ಣೀರು ಎಂದು ಹಿಂದಿಯಲ್ಲಿ ಬರೆದೆ. ಆ ಮೂರರ ಲಯ ಕೂಡಿಬಂದಾಗ ನನಗೆ ಒಂದು ಗಳಿಗೆ ಖುಷಿಯಾಯಿತು ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಆ ಖುಷಿಯನ್ನು ನೆನೆದರೆ ಇವತ್ತಿಗೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ನಮ್ಮಲ್ಲಿ ಓದುವವನಿಗೆ ಗಂಭೀರವಾದ ಗಂಟಲಿತ್ತು, ಅವನು ಅದನ್ನು ಬಹಳ ಚೆನ್ನಾಗಿ ಓದಿದ. ಪ್ರತಿಗಳು ಪತ್ರಿಕೆಗಳಿಗೂ ಹೋದವು. ಒಂದು ಪತ್ರಿಕೆಯಲ್ಲಿ ಚೌಕಟ್ಟು ಹಾಕಿ ಅಚ್ಚಾಯಿತು.

ಮುಂದಿನ ಭಾನುವಾರ ಅವರು ಬಿಡುತ್ತಾರೆಯೇ? ನಮ್ಮ ಗೆಳೆಯ ಇಲ್ಲವೇ ಇಲ್ಲ ಅನ್ನುತ್ತಿದ್ದಾರೆ, ಅಂದರೆ ಅವನನ್ನು ಮುಗಿಸಿಬಿಟ್ಟಿದ್ದಾರೆ ಎಂದು ಆ ಮುದ್ದು ದನಿ ಗದ್ಗದವಾಯಿತು. ಸಾಹೇಬರ ಅಪ್ಪಣೆಯಂತೆ ಅದಕ್ಕೂ ಉತ್ತರ ಬರೆದೆ. ಅದರ ಮುಂದಿನ ವಾರ ಅವರದ್ದು ಮತ್ತೊಂದು, ನಮ್ಮದು ಇನ್ನೊಂದು. ಒಂದು ದೇಶ ಆತ ಹುಟ್ಟೇ ಇಲ್ಲ ಅಂದಿತು, ಇನ್ನೊಂದು ದೇಶ ಸತ್ತ ಅಂದಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸಿಗೆ ಅಳುವುದಕ್ಕಾದರೂ ಬಿಡುತ್ತಾರೆ. ಇಡೀ ಮೂರು ವಾರ ಎರಡು ಸರ್ಕಾರಗಳು ಒಬ್ಬ ಸೆಂಟ್ರಿಂಗ್ ಕೆಲಸದವನ ಹೆಸರನ್ನು ಎಳೆದಾಡಿದವು. ಮಳೆಯಲ್ಲಿ ಅವನು ಎಲ್ಲಿ ಮಲಗಿದ್ದಾನೆ ಎಂದು ಎರಡರಲ್ಲಿ ಒಂದೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹುಡುಕಿಕೊಂಡು ಹೋಗಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ಸಂಜೆಯ ಪ್ರಸಾರಕ್ಕೆ ಹೊತ್ತಾಗುತ್ತಿತ್ತು.

ಅವರೇ ಬಂದರು. ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ ಗೇಟಿನವನು ಮತ್ತೆ ಮೇಲೆ ಬಂದು, ನಿಮ್ಮ ಕಡೆಯವರು ಅಂದ. ಕಾಕಾ ಗೇಟಿನ ಸಜ್ಜಾದ ಕೆಳಗೆ ಕೊಡೆ ಮಡಚಿಕೊಂಡು ನಿಂತಿದ್ದರು. ಸೊರಗಿದ್ದರು. ಈ ಸಲ ಗಂಟಿರಲಿಲ್ಲ, ಎದೆಗೆ ಅವಚಿಕೊಂಡ ಪ್ಲಾಸ್ಟಿಕ್ ಚೀಲವೊಂದಿತ್ತು.

“ಎಲ್ಲಿದ್ದೀರಿ ಕಾಕಾ?”

“ಮಡಗಾಂವ್‌ದಾಗ್ರಿ, ಮೋತಿ ಡೊಂಗರ್ ಗುಡ್ಡದ ಮ್ಯಾಲ. ಹೆಣ್ತಿ ತಮ್ಮ ಅದಾನ, ಅವನ ಕಡೆ ಒಂದು ಮೂಲ್ಯಾಗ ಅದೀವಿ. ಅದಿರ್ಲಿ ಅಕ್ಕಾರ, ಇದನ್ನ ಒಂದೀಟು ನೋಡ್ರಿ, ಏನೈತಿ ಇದರಾಗ?”

ಚೀಲದಿಂದ ತೆಗೆದದ್ದು ಪತ್ರಿಕೆಯ ತುಂಡು. ಚೌಕಟ್ಟು ಹಾಕಿ ಅಚ್ಚಾದದ್ದು. ನಾನು ಬರೆದದ್ದು.

ನಡೆದದ್ದನ್ನು ಅವರೇ ಹೇಳಿದರು. ಗದ್ದಲವೆಲ್ಲ ತಣ್ಣಗಾದ ಮೇಲೆ ಹೆಸರು ಬರೆದುಕೊಳ್ಳುವವರು ಸದ್ದಿಲ್ಲದೆ ಬಂದರಂತೆ. ಜಾಗ ಕೊಡುವ ಪಟ್ಟಿ ತಯಾರಾಯಿತಂತೆ. ಹದಿನೇಳು ಮನೆಯವರ ಹೆಸರು ಹತ್ತಿತು. ಇವರ ಸರದಿ ಬಂದಾಗ ಗುಮಾಸ್ತ ಹೆಸರು ಕೇಳಿ, ಪೆನ್ನು ಕೆಳಗಿಟ್ಟು, ಕಪಾಟಿನಿಂದ ಈ ತುಂಡು ತೆಗೆದು ಕೈಗೆ ಕೊಟ್ಟನಂತೆ. ಈ ಹೆಸರಿನವನು ಇಲ್ಲ ಅಂತ ಸರ್ಕಾರವೇ ಹೇಳಿದೆ, ಇಲ್ಲದವನಿಗೆ ಜಾಗ ಕೊಟ್ಟರೆ ನನ್ನ ನೌಕರಿ ಹೋಗುತ್ತದೆ ಅಂದನಂತೆ. ಸಂಘದ ಉಳಿದವರೂ ಅಲ್ಲಿದ್ದರು. ಒಬ್ಬರೂ ಇವರು ನಮ್ಮವರು ಅನ್ನಲಿಲ್ಲ.

“ಅವರದೇನೂ ತಪ್ಪಿಲ್ರಿ. ಪೊಲೀಸರು ಬಂದು ಹೋಗಿದ್ರು. ಎಲ್ಲಾರೂ ಹೆದರಿ ಕ್ಯಾಲೆಂಡರ್ ಸುಟ್ಟಬಿಟ್ರು. ಹಿಂದಿ ಬರೀತಿದ್ನಲ್ರಿ, ಅಂವಂತೂ ಸಾವರ್ಡೆಕ್ಕ ಗಣಿ ಮಣ್ಣಿನ ಲಾರಿ ಮ್ಯಾಲ ಕೆಲಸಕ್ಕ ಹೋದಾಂವ ತಿರಗಿ ಬಂದಿಲ್ಲ.”

ಆಮೇಲೆ ಕೇಳಿದರು:

“ನಾ ಅದೇನಿ ಅಂತ ಒಂದು ಚೀಟಿ ಬರದು ಕೊಡ್ರಿ ಅಕ್ಕಾರ. ರೇಡಿಯೋದವ್ರ ಇಲ್ಲಂದಾರ, ರೇಡಿಯೋದವ್ರ ಅದಾನ ಅಂದ್ರ ಮುಗೀತು. ಇಷ್ಟು ವರ್ಷ ಕಾರ್ಡು ಹಾಕೇನಲ್ರಿ ನಿಮಗ, ಅವರ ಮ್ಯಾಲ ದಾಬೋಲಿಮ್ ಠಸ್ಸೆ ಇರತೈತಿ. ಅದನ್ನರ ಕೊಡ್ರಿ.”

ಇಲ್ಲೇ ನಿಂತಿರಿ ಎಂದು ಹೇಳಿ ಮೇಲಕ್ಕೆ ಓಡಿದೆ. ಹೌದು, ಆ ವಯಸ್ಸಿನಲ್ಲಿ ಮೆಟ್ಟಿಲುಗಳನ್ನು ಓಡಿ ಹತ್ತಿದೆ. ಫೈಲು ದಿಲ್ಲಿಗೆ ಹೋಗಿತ್ತು. ಶತ್ರು ದೇಶದ ಸಂಪರ್ಕವಿದ್ದವನ ಪತ್ರಗಳೆಂದು ತನಿಖೆಗೆ ಕಳಿಸಿದ್ದರು. ಒಂದು ಚೀಟಿಯನ್ನಾದರೂ ಕೊಡೋಣ ಸರ್ ಎಂದು ಬೇಡಿಕೊಂಡೆ, ಕಣ್ಣಲ್ಲಿ ನೀರು ತಂದುಕೊಂಡೇ ಬೇಡಿಕೊಂಡೆ. ನಾವು ಮೂರು ಸಲ ಇಲ್ಲ ಅಂದಿದ್ದೇವೆ ಮೇಡಮ್, ಈಗ ಇದ್ದಾನೆ ಎಂದು ನಮ್ಮ ಕಾಗದದ ಮೇಲೆ ಬರೆದರೆ ಮುಂದಿನ ಭಾನುವಾರ ಅದನ್ನೇ ಅವರು ಓದುತ್ತಾರೆ ಅಂದರು ಸಾಹೇಬರು. ನನ್ನ ಸ್ವಂತ ಹೆಸರಿನಲ್ಲಿ ಬಿಳಿ ಹಾಳೆಯ ಮೇಲೆ ಬರೆದುಕೊಡುತ್ತೇನೆ ಅಂದೆ. ಬರೆಯಿರಿ, ಕರಾರು ಮುಗಿಯುವುದು ಮುಂದಿನ ತಿಂಗಳಲ್ಲವೇ ಅಂದರು. ಗದರಿಸಲಿಲ್ಲ, ನೆನಪು ಮಾಡಿದರು.

ನಾನು ಬರೆಯಲಿಲ್ಲ. ಮಕ್ಕಳ ಫೀಜು, ಮನೆಯ ಸಾಲ, ಗಂಡನ ಮುಖ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು ಎಂದು ಬರೆದರೆ ಓದುವವರು ಕ್ಷಮಿಸುತ್ತಾರೆ. ಆದರೆ ಅವಾವುವೂ ಬರಲಿಲ್ಲ. ಹೆದರಿಕೆಯಾಯಿತು, ಅಷ್ಟೇ.

ಕೆಳಗೆ ಬಂದೆ. ಕಾಕಾ ನನ್ನ ಮುಖ ನೋಡಿದರು, ಕೈ ನೋಡಿದರು. ಪತ್ರಿಕೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಹಾಕಿ, ಚೀಲದ ಬಾಯಿ ಗಂಟು ಹಾಕಿದರು.

“ಒಂದು ಮಾತು ಕೇಳ್ಲೇನ್ರಿ ಅಕ್ಕಾರ? ಅವತ್ತ ರೇಡಿಯೋದಾಗ ಓದಿದ್ರಲ್ಲ, ಅದನ್ನ ಬರದವರು ಯಾರ್ರಿ?”

“ಗೊತ್ತಿಲ್ಲ ಕಾಕಾ” ಅಂದೆ. “ಅವೆಲ್ಲಾ ದಿಲ್ಲಿಯಿಂದ ಬರ್ತಾವ.”

ಇಷ್ಟು ವರ್ಷ ನಾನು ಸುಳ್ಳು ಕೇಳಿದ್ದೆ, ಸುಳ್ಳು ಬರೆದಿದ್ದೆ. ಒಬ್ಬ ಮನುಷ್ಯನ ಮುಖ ನೋಡಿಕೊಂಡು ನನ್ನ ಬಾಯಿಂದ, ನನ್ನ ಭಾಷೆಯಲ್ಲಿ ಹೇಳಿದ್ದು ಅದೇ ಮೊದಲು.

“ಯಾರರ ಇರ್ಲಿ, ಭಾಳ ಚಲೋ ಬರದಾರ್ರಿ” ಅಂದರು ಕಾಕಾ. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅದನ್ನು ನಾನು ಎಷ್ಟು ಹುಡುಕಿದರೂ ಇರಲಿಲ್ಲ. “ಹಿಂದಿ ನನಗ ಅರ್ಧಾನ ತಿಳೀತೈತಿ, ಆದ್ರೂ ಮನಸಿಗೆ ನಾಟೂ ಹಂಗ ಇತ್ತು. ನಾನೂ ನನ್ನ ಹೆಣ್ತಿ ಕುಂತ ಕೇಳಿದ್ವಿ. ಕೇಳಿ ಮುಗಿದ ಮ್ಯಾಲ ರೇಡಿಯೋ ಬಂದ್ ಮಾಡಿ ಆಕೀನ್ನ ಕೇಳಿದ್ನಿ, ‘ನಾ ಅದೇನೇನ ಇಲ್ಲಿ?’ ಅಂತ.”

ಆಕೆ ಏನಂದಳು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಕೊಡೆ ಬಿಚ್ಚಿಕೊಂಡು ಮಳೆಗೆ ಇಳಿದರು. ಮುಂದಿನ ತಿಂಗಳು ನನ್ನ ಕರಾರು ಮುಂದುವರಿಯಿತು.